ಬಂಡೆಗೊಂದು ಗೃಹಪ್ರವೇಶ

ಮನೆ ಬದಲಾಯಿಸುವ ವಿಷಯದಲ್ಲಿ ರಾಮನಗರ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ವಂಶದವರು ರಾಜಧಾನಿಯನ್ನೇ ಮಾಗಡಿಗೆ ಸಾಗಿಸಿದರು. 1973ರಲ್ಲಿ ‘ಶೋಲೆ’ ಚಿತ್ರದವರು ರಾಮದೇವರ ಬೆಟ್ಟದ ತಪ್ಪಲಲ್ಲಿ ಇಡೀ ಹಳ್ಳಿಯೊಂದನ್ನು ಕಟ್ಟಿ ನಿಲ್ಲಿಸಿದರು. ಅದು ಎಲ್ಲಿತ್ತೆಂದು ಈಗ ಬೆರಳು ತೋರಿಸಿ ಹೇಳಬೇಕು. ಹೆಸರಂತೂ ಕೂತಲ್ಲಿ ಕೂತದ್ದೇ ಇಲ್ಲ. ಕ್ಲೋಸ್‌ಪೇಟೆ ಹೋಗಿ ರಾಮನಗರ ಬಂತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಇಷ್ಟೆಲ್ಲ ಸರಾಗವಾಗಿ ನಡೆದದ್ದಕ್ಕೆ ಕಾರಣ ಒಂದೇ. ಸಾಗಿಸಿದ ಸಾಮಾನಿನಲ್ಲಿ ಪೂಲ್ ಟೇಬಲ್ ಇರಲಿಲ್ಲ.

ಈ ಆಟದ ಗೀಳು ಇಲ್ಲಿಗೆ ಹತ್ತಿದ್ದರಲ್ಲಿ ಆಶ್ಚರ್ಯವೇನಿಲ್ಲ. ಇಲ್ಲಿಂದ ಐವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಬೆಳೆದು, ಅರವಿಂದ ಸವೂರ್ ಅವರ ಕೈಯಲ್ಲಿ ಪಳಗಿದ ಪಂಕಜ್ ಆಡ್ವಾಣಿ ಬಿಲಿಯರ್ಡ್ಸ್, ಸ್ನೂಕರ್ ಎರಡೂ ಸೇರಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದಿದ್ದಾರೆ. ಅತ್ತ ಮೈಸೂರು ದಾಟಿ ಘಾಟಿ ಹತ್ತಿದರೆ ಊಟಿ ಕ್ಲಬ್ಬು; ಸ್ನೂಕರ್ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು ಅಲ್ಲೇ, 1880ರ ದಶಕದಲ್ಲಿ. ನಡುವೆ ಇರುವ ಊರಿಗೆ ಅದರ ತಮ್ಮನಂಥ ಪೂಲ್ ಬಂದು ಇಳಿದರೆ ತಪ್ಪೇನು? ಬರಲಿ. ಬಂದದ್ದು ಮತ್ತೊಂದು ಮನೆಗೆ ಹೊರಟಾಗಲೇ ಅದರ ನಿಜವಾದ ತೂಕ ಗೊತ್ತಾಗುವುದು.

ಚನ್ನಪಟ್ಟಣದ ಬಾಡಿಗೆ ಮನೆ ಬಿಟ್ಟು, ರಾಮನಗರದ ಮೂವತ್ತು-ನಲವತ್ತರ ಸೈಟಿನಲ್ಲಿ ಸ್ವಂತ ಮನೆ ಕಟ್ಟಿಸಿದ ಯಜಮಾನರೊಬ್ಬರನ್ನು ಕಲ್ಪಿಸಿಕೊಳ್ಳಿ. ಎಂಟಡಿಯ ಪೂಲ್ ಟೇಬಲ್ಲನ್ನು ಅವರು ಎಂದೋ ಹುಮ್ಮಸ್ಸಿನಲ್ಲಿ ಕೊಂಡಿದ್ದಾರೆ. ಸಾಮಾನು ಎತ್ತಲು ಬಂದ ಹುಡುಗರು ಅದಕ್ಕೆ ಕಾಲು ಇರುವುದನ್ನು ನೋಡಿ ಮೇಜೆಂದು ತೀರ್ಮಾನಿಸುತ್ತಾರೆ.

“ನಾಲ್ಕು ಜನ ಸಾಕು ಕಣಣ್ಣ. ಮೊನ್ನೆ ಮೂರು ಬಾಗಿಲ ಬೀರೂನ ಮಾಳಿಗೆಗೆ ಏರಿಸಿದ್ದೀವಿ.”

ನಾಲ್ವರೂ ‘ಐಸಾ’ ಎನ್ನುತ್ತಾರೆ. ಮೇಜು ಏನೂ ಅನ್ನುವುದಿಲ್ಲ.

“ಒಳಗೆ ಏನು ತುಂಬಿದ್ದೀರಣ್ಣ?”

“ಏನೂ ತುಂಬಿಲ್ಲ ಕಣಪ್ಪ. ಅದು ಇರೋದೇ ಹಂಗೆ.”

ಹಸಿರು ಬಟ್ಟೆಯ ಕೆಳಗೆ ಇರುವುದು ಕಲ್ಲು. ಮೊದಲು ಮರದ ಹಲಗೆಯೇ ಇತ್ತು. ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಬಾಗುವ ಮರದ ಮೇಲೆ ಚೆಂಡು ನೆಟ್ಟಗೆ ಓಡುವುದಿಲ್ಲವೆಂದು ಲಂಡನ್ನಿನ ಜಾನ್ ಥರ್ಸ್ಟನ್ 1826ರ ಹೊತ್ತಿಗೆ ಸ್ಲೇಟಿನ ಕಲ್ಲು ಹಾಸಿದ. ನಮ್ಮ ಅಜ್ಜಂದಿರು ಬಳಪದಲ್ಲಿ ಅಕ್ಷರ ತಿದ್ದಿದ್ದು ಇದೇ ಜಾತಿಯ ಕಲ್ಲಿನ ಮೇಲೆ. ಎಂಟಡಿಯ ಮೇಜಿಗೆ ಒಂದಂಗುಲ ದಪ್ಪದ ಹಾಸು ಹಾಕಿದರೆ ಕಲ್ಲೊಂದೇ ಇನ್ನೂರು ಕಿಲೋ ತೂಗುತ್ತದೆ. ಕ್ಲಬ್ಬುಗಳಲ್ಲಿರುವ ಹನ್ನೆರಡಡಿಯ ಸ್ನೂಕರ್ ಮೇಜಾದರೆ ಐದು ಚಪ್ಪಡಿ, ಒಟ್ಟು ತೂಕ ಟನ್ ಮೀರುತ್ತದೆ. ಅದರ ಮುಂದೆ ಯಜಮಾನರದು ಮರಿ.

ಕಲ್ಲು ಎಂದ ಕೂಡಲೇ ಈ ಸೀಮೆಯವರಿಗೆ ಹುಮ್ಮಸ್ಸು. ಕಾಲಡಿಯಲ್ಲಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಬಂಡೆ. ಭೂವಿಜ್ಞಾನಿಗಳು ಅದನ್ನು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಹೆಸರು ಬದಲಾದ ಸುದ್ದಿ ಬಂಡೆಗೆ ಮುಟ್ಟಿಲ್ಲ. ಮಾಗಡಿಯ ಕಡೆ ಸಾವನದುರ್ಗವೇ ಒಂದು ಬಂಡೆ, ಕನಕಪುರದ ಕಡೆ ಹೋದರೆ ಕಲ್ಲುಗಣಿ. ಹೀಗಾಗಿ ಕನಕಪುರದ ನೆಂಟರೊಬ್ಬರು ಹಾರೆ ಹಿಡಿದೇ ಬರುತ್ತಾರೆ. ಅವರ ಉತ್ಸಾಹವನ್ನು ಬಾಗಿಲಲ್ಲೇ ತಡೆಯಬೇಕು. ಗ್ರಾನೈಟ್ ಬೆಂಕಿಯಲ್ಲಿ ಹುಟ್ಟಿದ ಕಲ್ಲು, ಪೆಟ್ಟಿಗೆ ಜಗ್ಗುವುದಿಲ್ಲ. ಸ್ಲೇಟು ಕೆಸರಿನ ಪದರ ಒತ್ತಿ ಒತ್ತಿ ಆದದ್ದು. ಹಾರೆ ತಗಲಿದರೆ ಪದರ ಪದರವಾಗಿ ಕಳಚಿಕೊಳ್ಳುತ್ತದೆ. “ನಾವು ನೋಡದ ಕಲ್ಲಾ?” ಎಂದು ನೆಂಟರು ಮುನಿಸಿಕೊಂಡು ಕಾಫಿಗೆ ಕೂರುತ್ತಾರೆ. ಕೂರಲಿ. ಅವರು ಕೂತಷ್ಟು ಹೊತ್ತೂ ಕಲ್ಲು ಕ್ಷೇಮ.

ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಮೊದಲು ಪಾಕೆಟ್ಟುಗಳು. ಆಮೇಲೆ ರಬ್ಬರ್ ಹಚ್ಚಿದ ಆರು ಅಂಚುಪಟ್ಟಿಗಳು. ಅವನ್ನು ಹಿಡಿದಿರುವ ಬೋಲ್ಟುಗಳು ಸಾಮಾನ್ಯವಾಗಿ ಹದಿನೆಂಟು, ಎಲ್ಲವೂ ಕೆಳಗಡೆ; ಆದ್ದರಿಂದ ಬಿಚ್ಚುವವನು ಮೇಜಿನಡಿ ಅಂಗಾತ ಮಲಗಬೇಕು. ಮೇಲೆ ನಿಂತ ಎಂಟು ಜನ ಅವನಿಗೆ ಸಲಹೆ ಕೊಡಬೇಕು. ಬಟ್ಟೆ ತೆಗೆದರೆ ಮೂರು ಚಪ್ಪಡಿಗಳು ಕಾಣುತ್ತವೆ, ಆದರೆ ಸ್ಕ್ರೂ ಕಾಣುವುದಿಲ್ಲ. ಸ್ಕ್ರೂಗಳ ತಲೆಯನ್ನೂ ಚಪ್ಪಡಿಗಳ ಸಂದನ್ನೂ ಜೇನುಮೇಣ ತುಂಬಿ ಮುಚ್ಚಿರುತ್ತಾರೆ. ಇದು ಗೊತ್ತಿಲ್ಲದೆ ಎತ್ತಲು ಹೋಗಿ, ಕೆಳಗಿನ ಚೌಕಟ್ಟೂ ಜೊತೆಯಲ್ಲೇ ಎದ್ದು ಬಂದು, “ಅಂಟಿಸಿಬಿಟ್ಟಿದ್ದಾರೆ ಕಣ್ರೋ” ಎಂದು ಸುತ್ತಿಗೆ ಕೇಳುವ ಒಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಮೇಣ ಕೆರೆದು, ಸ್ಕ್ರೂ ಬಿಚ್ಚಿ, ಚಪ್ಪಡಿಗಳಿಗೆ ಒಂದು, ಎರಡು, ಮೂರು ಎಂದು ಬರೆದುಕೊಳ್ಳಬೇಕು. ತಲಾ ಎಪ್ಪತ್ತು ಕಿಲೋದ ಆ ಚಪ್ಪಡಿಯನ್ನು ಮಲಗಿಸಿ ಹೊತ್ತರೆ ತನ್ನ ಭಾರಕ್ಕೆ ತಾನೇ ಬಿರಿಯಬಹುದು. ಕಿಟಕಿಯ ಗಾಜಿನಂತೆ ನಿಲ್ಲಿಸಿಯೇ ಒಯ್ಯಬೇಕು.

ಬೋಲ್ಟುಗಳೆಲ್ಲ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿಗೆ ಬೀಳುತ್ತವೆ. ಬಾಟಲಿಯನ್ನು ಭದ್ರವಾಗಿಡಲೆಂದು ಯಾರೋ ಅಕ್ಕಿ ಡಬ್ಬಿಯೊಳಗೆ ಇಡುತ್ತಾರೆ.

ಬಿಚ್ಚಿದ ಬಟ್ಟೆಗೆ ಸ್ಟೇಪಲ್ ಪಿನ್ನಿನ ತೂತು ಬಿದ್ದಿರುತ್ತದೆ, ಹೊಸದು ಹಾಕುವುದೇ ಲೇಸು. ದೇಶದಲ್ಲೇ ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆಯ ಊರಲ್ಲಿ ಬಟ್ಟೆಗೆ ಬರವೇ ಎಂದು ಮನೆಯಾಕೆ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಆದರೆ ಮೇಜಿಗೆ ಬೇಕಾದ್ದು ನೈಲಾನ್ ಬೆರೆತ ಉಣ್ಣೆ. ಚೆಂಡಿನ ಕಥೆಯೂ ಅಷ್ಟೇ. ಬಣ್ಣದ ಗುಂಡು ತಿರುವುವುದರಲ್ಲಿ ಚನ್ನಪಟ್ಟಣದವರನ್ನು ಮೀರಿಸಿದವರಿಲ್ಲ. ತಿರುಗುವ ಆಲೆ ಮರಕ್ಕೆ ಅರಗು ಒತ್ತಿ, ತಾಳೆಗರಿಯಲ್ಲಿ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು. ಆದರೆ ಆಲೆ ಮೆದುಮರ, ಈ ಪೆಟ್ಟು ತಾಳದು. ಹಿಂದೆ ಚೆಂಡುಗಳನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ದಂತಕ್ಕೆ ಬದಲಿ ಹುಡುಕಿದವರಿಗೆ ಹತ್ತು ಸಾವಿರ ಡಾಲರ್ ಕೊಡುವುದಾಗಿ ಅಮೆರಿಕದ ಕಂಪನಿಯೊಂದು ಸಾರಿದ ಮೇಲೆ ಜಾನ್ ವೆಸ್ಲಿ ಹಯಾಟ್ 1869ರ ಸುಮಾರಿಗೆ ಸೆಲ್ಯುಲಾಯ್ಡ್ ಮಾಡಿದ. ಆ ಚೆಂಡುಗಳು ಡಿಕ್ಕಿ ಹೊಡೆದಾಗ ಒಮ್ಮೊಮ್ಮೆ ಪಟಾಕಿಯ ಸದ್ದು ಬರುತ್ತಿತ್ತಂತೆ. ಕೊಲೊರಾಡೊದ ಸಾರಾಯಿ ಅಂಗಡಿಯವನೊಬ್ಬ, ಸದ್ದಾದ ಕೂಡಲೇ ನಮ್ಮಲ್ಲಿ ಎಲ್ಲರೂ ಪಿಸ್ತೂಲು ತೆಗೆಯುತ್ತಾರೆ ಎಂದು ಬರೆದಿದ್ದನೆಂದು ಹಯಾಟನೇ ಹೇಳಿಕೊಂಡಿದ್ದಾನೆ. ಗಬ್ಬರ್ ಸಿಂಗನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗಿನ ಚೆಂಡು ಗಟ್ಟಿ ರಾಳದ್ದು. ಕನಕಪುರದ ಕಾಡಂಚಿನ ರಾಗಿ ಹೊಲಕ್ಕೆ ಇಳಿಯುವ ಆನೆಗಳಿಗೆ ಹಯಾಟನ ಪರಿಚಯವಿಲ್ಲ, ಇದ್ದಿದ್ದರೆ ಸೊಂಡಿಲೆತ್ತುತ್ತಿದ್ದವು.

ಸಾಗಣೆಗೆ ಬಾಮೈದ ಟ್ರ್ಯಾಕ್ಟರ್ ಕೊಡುತ್ತೇನೆಂದು ಮುಂದೆ ಬರುತ್ತಾನೆ. ಆದರೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಹಳೇ ರಸ್ತೆ ಹಿಡಿದರೆ ಹಂಪುಗಳು. ಕೊನೆಗೆ ಟಾಟಾ ಏಸ್ ಬರುತ್ತದೆ. ಚಪ್ಪಡಿಗಳಿಗೆ ಕೌದಿ ಸುತ್ತಿ ಹಗ್ಗ ಬಿಗಿಯುತ್ತಾರೆ. ಮನೆಯ ಯಾವ ಹಿರಿಯರಿಗೂ ಅಷ್ಟು ಕೌದಿ ಹೊದಿಸಿದ್ದಿಲ್ಲ.

ಹೊಸ ಮನೆಯಲ್ಲಿ ವಾಸ್ತು ಕಾದಿರುತ್ತದೆ. ಭಾರವೆಲ್ಲ ನೈಋತ್ಯಕ್ಕೆ ಎಂಬುದು ನಿಯಮ. ಆ ಮೂಲೆಯಲ್ಲಿ ಯಜಮಾನರ ಮಲಗುವ ಕೋಣೆಯಿದೆ. ಮಂಚವೋ ಮೇಜೋ ಎಂಬ ಚರ್ಚೆ ಮನೆಯಾಕೆಯ ಒಂದೇ ನೋಟಕ್ಕೆ ಮುಗಿದು, ಮೇಜು ಹಜಾರದಲ್ಲಿ ನಿಲ್ಲುತ್ತದೆ. ನಿಂತ ಮೇಲೆ ಶುರು ನಿಜವಾದ ಪರೀಕ್ಷೆ. ಚೆಂಡನ್ನು ನಡುವೆ ಇಟ್ಟು ಕೈ ತೆಗೆದರೆ ಅದು ತಾನಾಗಿ ಈಶಾನ್ಯದ ಪಾಕೆಟ್ಟಿಗೆ ಹೋಗಿ ಬೀಳುತ್ತದೆ. ಗಾರೆ ಮೇಸ್ತ್ರಿಯನ್ನು ಕರೆಸಿದರೆ ಅವನಿಗೆ ಹೆಮ್ಮೆಯೋ ಹೆಮ್ಮೆ: “ಮತ್ತೆ? ನೆಲ ಈಶಾನ್ಯಕ್ಕೆ ಇಳಿಜಾರಿರಬೇಕು ಅಂದವರು ನೀವೇ ಅಲ್ವಾ ಸ್ವಾಮಿ!”

ಕಾಲಿನಡಿ ಮರದ ಚಕ್ಕೆ ಕೊಡಬೇಕು. ಚಪ್ಪಡಿ ಮತ್ತು ಚೌಕಟ್ಟಿನ ನಡುವಿನ ಕೂದಲೆಳೆಯ ಏರುಪೇರಿಗೆ ಕೈಪಳಗಿದವರು ಇಸ್ಪೀಟೆಲೆ ತೂರಿಸುತ್ತಾರೆ. ಇದು ಲೋಕದ ಎಲ್ಲ ಕಡೆಯೂ ಇರುವ ರೂಢಿ. ರಸಮಟ್ಟದ ಗುಳ್ಳೆ ನಡುವೆ ಬಂದು ನಿಲ್ಲುವ ಹೊತ್ತಿಗೆ ಆಟೀನು ರಾಜ, ಇಸ್ಪೀಟು ಎಕ್ಕ ಇಬ್ಬರೂ ಕಲ್ಲಿನಡಿ ಸೇರಿರುತ್ತಾರೆ. ಮತ್ತೆ ಸಂದಿಗೆ ಮೇಣ, ಮೇಣದ ಮೇಲೆ ಬಟ್ಟೆ. ಅಂಚುಪಟ್ಟಿ ಕೂರಿಸುವಾಗ ಬೋಲ್ಟಿನ ಬಾಟಲಿ ಎಲ್ಲಿ ಎಂಬ ಕೂಗು ಏಳುತ್ತದೆ. ಅಡುಗೆಮನೆ ಇನ್ನೂ ಮೂಟೆಯಲ್ಲಿದೆ.

ಎಲ್ಲ ಮುಗಿದು, ಯಜಮಾನರು ಕೋಲು ಹಿಂದಕ್ಕೆ ಎಳೆದಾಗ ಅದರ ಬುಡ ಗೋಡೆಗೆ ಬಡಿಯುತ್ತದೆ. ಕೋಲಿನ ಉದ್ದ ಐದಡಿಗೆ ಎರಡೋ ಮೂರೋ ಅಂಗುಲ ಕಡಿಮೆ. ಎಂಟಡಿಯ ಮೇಜಿನ ಸುತ್ತ ನಿರಾಳವಾಗಿ ಆಡಲು ಸುಮಾರು ಹದಿಮೂರಕ್ಕೆ ಹದಿನೇಳು ಅಡಿಯ ಕೋಣೆ ಬೇಕು. ಹಜಾರದ ಅಗಲ ಹನ್ನೊಂದು. ಗೋಡೆ ಒಡೆಯಲು ಎಂಜಿನಿಯರ್ ಒಪ್ಪುವುದಿಲ್ಲ, ಮೇಜು ಮತ್ತೆ ಬಿಚ್ಚಲು ಹುಡುಗರು ಒಪ್ಪುವುದಿಲ್ಲ. ಉಳಿದದ್ದು ಗಿಡ್ಡ ಕೋಲು. ಯಜಮಾನರು ಅಳತೆ ಬರೆದುಕೊಂಡು, ಬಿಟ್ಟು ಬಂದ ಚನ್ನಪಟ್ಟಣಕ್ಕೇ ಹೋಗಿ ಕಡೆಯುವವನ ಮುಂದೆ ನಿಲ್ಲುತ್ತಾರೆ. ಆಲೆ ಬೇಡ, ಗಟ್ಟಿ ಮರದಲ್ಲಿ ಮಾಡಿಕೊಡುತ್ತೇನೆಂದು ಅವನು ಒಪ್ಪುತ್ತಾನೆ. ಅರ್ಧಕ್ಕೇ ನಿಂತ ಆ ಅಳತೆಯನ್ನು ಇನ್ನೊಮ್ಮೆ ಓದಿ, ಕನ್ನಡಕ ಏರಿಸಿ ಕೇಳುತ್ತಾನೆ: “ಅರಗು ಹಳದಿ ಹಾಕಲಾ, ಕೆಂಪು ಹಾಕಲಾ ಸ್ವಾಮಿ? ಮಗೂಗೆ ಅಂದ್ರೆ ತುದಿಗೊಂದು ಗಿಲಕಿನೂ ಸೇರಿಸಿಬುಡ್ತೀನಿ.”