ತುಟ್ಟಿಭತ್ಯೆ ಇಲ್ಲದ ಸಾವು

1988ರ ಮೋಟಾರು ವಾಹನ ಕಾಯ್ದೆಯ ಎರಡನೇ ಅನುಸೂಚಿ ಈಗ ನಿವೃತ್ತರು. ರಸ್ತೆ ಅಪಘಾತದಲ್ಲಿ ಸತ್ತವರ ಮನೆಯವರಿಗೆ ಎಷ್ಟು ಕೊಡಬೇಕೆಂದು ಹೇಳುವ ಕೋಷ್ಟಕವಾಗಿ ದೇಶದ ಅಪಘಾತ ಪರಿಹಾರ ನ್ಯಾಯಮಂಡಳಿಗಳಲ್ಲೆಲ್ಲ ಓಡಾಡಿದವರು. ಸದ್ಯ ಹಿರಿಯ ವಕೀಲರೊಬ್ಬರ ಕಪಾಟಿನಲ್ಲಿ, ಬೈಂಡು ಕಿತ್ತ ಹಳೇ ಕಾಯ್ದೆ ಪುಸ್ತಕದ ಕೊನೇ ಪುಟಗಳಲ್ಲಿ ವಾಸ. ಒಂದು ಕಡೆ ವಯಸ್ಸು, ಇನ್ನೊಂದು ಕಡೆ ವರಮಾನ, ಎರಡೂ ಕೂಡುವ ಚೌಕದಲ್ಲಿ ಮನುಷ್ಯ. ಅಂಚು ಗೆದ್ದಲು ತಿಂದಿದ್ದರೂ ಅಂಕಿಗಳು ಇನ್ನೂ ಸ್ಪಷ್ಟ.

ನಾವು: ತಮ್ಮ ಜನನ?

ಅನುಸೂಚಿ: 1994ರ ನವೆಂಬರ್ 14. ಮಕ್ಕಳ ದಿನಾಚರಣೆ. ಆಕಸ್ಮಿಕ ಇರಬೇಕು, ಕಾನೂನು ಇಲಾಖೆಯವರು ತಮಾಷೆ ಮಾಡುವ ಪೈಕಿ ಅಲ್ಲ. ಕಾಯ್ದೆಗೆ 163-ಎ ಅಂತ ಹೊಸ ಕಲಂ ಸೇರಿಸಿ ನನ್ನನ್ನು ಅದರ ಬಾಲಕ್ಕೆ ಕಟ್ಟಿದರು. ಉದ್ದೇಶ ಒಳ್ಳೆಯದೇ ಸ್ವಾಮಿ. ಡ್ರೈವರ್ ತಪ್ಪೋ ಸತ್ತವನ ತಪ್ಪೋ ಅಂತ ವರ್ಷಗಟ್ಟಲೆ ವಾದ ಬೇಡ, ಟೇಬಲ್ ನೋಡಿ ದುಡ್ಡು ಕೊಟ್ಟು ಕಳಿಸಿ ಅಂತ.

ನಾವು: ಲೆಕ್ಕ ಹೇಗೆ ಮಾಡುತ್ತಿದ್ದಿರಿ?

ಅನುಸೂಚಿ: ಒಬ್ಬನಿಗೆ 32 ವಯಸ್ಸು, ವರ್ಷಕ್ಕೆ 40,000 ವರಮಾನ ಅಂತ ಇಟ್ಟುಕೊಳ್ಳಿ. 30 ದಾಟಿ 35ರೊಳಗಿದ್ದರೆ ಗುಣಕ 17. ಗುಣಿಸಿದರೆ 6,80,000. ಅದರಲ್ಲಿ ಮೂರನೇ ಒಂದು ಪಾಲು ಕಳೆಯಿರಿ. ಬದುಕಿದ್ದರೆ ಕಾಫಿ, ತಿಂಡಿ, ಬಸ್ ಚಾರ್ಜು, ಬೀಡಿ ಅಂತ ಅಷ್ಟನ್ನು ಅವನೇ ಮುಗಿಸುತ್ತಿದ್ದ. ಉಳಿದದ್ದು 4,53,333. ಶವಸಂಸ್ಕಾರಕ್ಕೆ 2,000. ಹೆಂಡತಿಗೆ ದಾಂಪತ್ಯ ಸುಖ ತಪ್ಪಿದ್ದಕ್ಕೆ 5,000.

ನಾವು: ತಿಂಗಳಿಗೆ?

ಅನುಸೂಚಿ: ಇಡಿಗಂಟು. ಡ್ರೈವರ್ ತಪ್ಪನ್ನು ಸಾಬೀತು ಮಾಡುವ ಕೇಸುಗಳಲ್ಲಿ ಇದನ್ನು 40,000 ಮಾಡಿ, ಮೂರು ವರ್ಷಕ್ಕೊಮ್ಮೆ ಶೇ 10 ಏರಿಸಿ ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಬಾಡಿಗೆ ಕರಾರು ಇದ್ದ ಹಾಗೆ.

ನಾವು: ತಮ್ಮ ಮಗ್ಗಿಯೇ ತಪ್ಪು ಎಂಬ ದೂರಿತ್ತು.

ಅನುಸೂಚಿ: (ಪುಟ ಸರಿಪಡಿಸಿಕೊಳ್ಳುತ್ತಾ) ಇತ್ತು. 3,000 ಇಂಟು 15 ಅಂದರೆ 45,000. ನನ್ನಲ್ಲಿ ಅಚ್ಚಾಗಿದ್ದು 60,000. 1996ರಲ್ಲಿ ಸುಪ್ರೀಂ ಕೋರ್ಟು ಈ ತಪ್ಪುಗಳನ್ನು ಎತ್ತಿ ತೋರಿಸಿ, ಇವರನ್ನು ಮಾರ್ಗದರ್ಶಿ ಅಂತಷ್ಟೇ ನೋಡಿ ಎಂದಿತು. ಸಂಸತ್ತಿನಲ್ಲಿ ಪಾಸಾಗಿ, ರಾಷ್ಟ್ರಪತಿಗಳ ಅಂಕಿತ ಬಿದ್ದು ಬಂದವನು ನಾನು. ದಾರಿಯಲ್ಲಿ ಒಬ್ಬರೂ ಕೂಡಿ ಕಳೆದು ನೋಡಲಿಲ್ಲ.

ನಾವು: ಮಕ್ಕಳಿಗೆ ಎಷ್ಟು?

ಅನುಸೂಚಿ: ದುಡಿಯದವರಿಗೆಲ್ಲ ವರ್ಷಕ್ಕೆ 15,000 ವರಮಾನ ಅಂತ ಹಿಡಿಯುವುದು. ಮಗುವಿಗೆ ಗುಣಕ 15. 2,25,000 ಆಯಿತು. ಅದರಲ್ಲೂ ಮೂರನೇ ಒಂದು ಪಾಲು ಕಳೆಯಬೇಕು ಅಂತ ನನ್ನ ಅಡಿಟಿಪ್ಪಣಿ ಹೇಳುತ್ತದೆ. ಬದುಕಿ ಬೆಳೆದಿದ್ದರೆ ಅನ್ನ ತಿನ್ನುತ್ತಿರಲಿಲ್ಲವೇ?

ನಾವು: ಗೃಹಿಣಿಗೆ?

ಅನುಸೂಚಿ: ಗಂಡನ ವರಮಾನದ ಮೂರನೇ ಒಂದು ಪಾಲು. ಗಂಡ 40,000 ತಂದರೆ ಹೆಂಡತಿಯದು 13,333. ಗಂಡ ಸೋಮಾರಿಯಾದರೆ ಹೆಂಡತಿಯ ಜೀವವೂ ಅಗ್ಗ. ಬೆಳಗಿನ ಜಾವ ಎದ್ದು ನೀರು ಹಿಡಿದು, ದನ ನೋಡಿ, ಅತ್ತೆಗೆ ಮಾತ್ರೆ ಕೊಟ್ಟು, ಮಕ್ಕಳ ಡಬ್ಬಿ ಕಟ್ಟಿದ್ದಕ್ಕೆಲ್ಲ ನನ್ನಲ್ಲಿ ಕಾಲಂ ಇರಲಿಲ್ಲ. 2001ರ ಜನಗಣತಿಯಂತೂ ಇವರನ್ನು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆ ಕೂರಿಸಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ಜನಗಣತಿಯವರಿಗೂ ನನಗೂ ಒಟ್ಟಿಗೆ ಛೀಮಾರಿ ಹಾಕಿತು. 2021ರ ಇನ್ನೊಂದು ತೀರ್ಪಿನಲ್ಲಿ ಸಮೀಕ್ಷೆಯ ಲೆಕ್ಕವನ್ನೇ ತೆಗೆದಿಟ್ಟರು: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಆ 97 ನನಗೂ ಜಾಸ್ತಿ ಅನ್ನಿಸಿತು.

ನಾವು: 24 ವರ್ಷ ತಮ್ಮ ರೇಟು ಏರಲೇ ಇಲ್ಲವಲ್ಲ?

ಅನುಸೂಚಿ: ಅದೇ ಹೊಟ್ಟೆಯುರಿ. ಜೀವನ ವೆಚ್ಚ ಏರಿದ ಹಾಗೆ ಕೇಂದ್ರ ಸರ್ಕಾರ ನನ್ನನ್ನು ಕಾಲಕಾಲಕ್ಕೆ ತಿದ್ದಬಹುದು ಅಂತ ಕಲಂನಲ್ಲೇ ಇತ್ತು. ಫೈಲು ನೋಡಬೇಕಾದ ಗುಮಾಸ್ತರಿಗೆ ಜನವರಿಗೊಂದು, ಜುಲೈಗೊಂದು ತುಟ್ಟಿಭತ್ಯೆ. ನನಗೆ ಇಲ್ಲ. ಸತ್ತವರಿಗೆ ಸಂಘ ಇಲ್ಲ ನೋಡಿ, ಧರಣಿ ಕೂರುವವರು ಯಾರು? ನನ್ನ ಗರಿಷ್ಠ ವರಮಾನ ವರ್ಷಕ್ಕೆ 40,000, ತಿಂಗಳಿಗೆ 3,333. ಅದಕ್ಕಿಂತ ಹೆಚ್ಚು ದುಡಿಯುವವರು ನನ್ನ ಬಾಗಿಲಿಗೆ ಬರುವ ಹಾಗಿರಲಿಲ್ಲ. ಬರಬರುತ್ತಾ ಕೂಲಿಯವರೂ ಆ ಗೆರೆ ದಾಟಿಬಿಟ್ಟರು. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿಗೇ ಸಾಕಾಗಿ, ತಿದ್ದುವ ತನಕ ಐದು ವರ್ಷದೊಳಗಿನ ಮಗುವಿಗೆ 1 ಲಕ್ಷ, ಮೇಲಿನವರಿಗೆ 1.5 ಲಕ್ಷಕ್ಕೆ ಕಮ್ಮಿ ಕೊಡಬೇಡಿ ಎಂದಿತು. 2018ರಲ್ಲಿ ನನ್ನ ಚೌಕಗಳನ್ನೆಲ್ಲ ಒರೆಸಿ, ಯಾರೇ ಸತ್ತರೂ 5 ಲಕ್ಷ ಅಂತ ಬರೆದರು. 2022ರ ಏಪ್ರಿಲ್ 1ಕ್ಕೆ ಕಲಂ ಸಮೇತ ಮನೆಗೆ ಕಳಿಸಿದರು. ಹುಟ್ಟಿದ ದಿನದಂತೆ ನಿವೃತ್ತಿಯ ದಿನವೂ ಚೆನ್ನಾಗಿಯೇ ಸಿಕ್ಕಿತು.

ನಾವು: ಅಮೆರಿಕದಲ್ಲಿ ಬಂಧುಗಳಿದ್ದಾರಂತೆ?

ಅನುಸೂಚಿ: ದೊಡ್ಡಪ್ಪನ ಮಗ. ಅಲ್ಲಿನ ಸಾರಿಗೆ ಇಲಾಖೆಯಲ್ಲಿದ್ದಾನೆ. 2023ರಲ್ಲಿ ಅವನ ರೇಟು ತಲೆಗೆ 1 ಕೋಟಿ 32 ಲಕ್ಷ ಡಾಲರ್. ನೂರು ಕೋಟಿ ರೂಪಾಯಿಗೂ ಮೇಲೆ. ಆದರೆ ಅದು ಸತ್ತವರ ಮನೆಗೆ ಹೋಗುವ ಚೆಕ್ಕಲ್ಲ. ಅವನ ಕೆಲಸವೇ ಬೇರೆ. ಹತ್ತು ಸಾವಿರದಲ್ಲಿ ಒಬ್ಬ ಸಾಯುವ ಅಪಾಯವನ್ನು ತಪ್ಪಿಸಿಕೊಳ್ಳಲು ಜನ ತಲಾ 1,320 ಡಾಲರ್ ಬಿಡಲು ತಯಾರಿದ್ದಾರೆ ಅನ್ನಿ. ಹತ್ತು ಸಾವಿರ ಜನರದ್ದು ಕೂಡಿದರೆ ಒಂದು ಜೀವದ ಬೆಲೆ ಬಂತು. ಅಪಾಯದ ಕೆಲಸಕ್ಕೆ ಎಷ್ಟು ಕೂಲಿ ಜಾಸ್ತಿ ಅಂತ ನೋಡಿ ಇದನ್ನು ಲೆಕ್ಕ ಹಾಕುತ್ತಾರೆ. ಆಮೇಲೆ ಹೊಸ ಬ್ರೇಕೋ ಬೆಲ್ಟೋ ಕಡ್ಡಾಯ ಮಾಡುವ ಮುಂಚೆ ಫೈಲು ಅವನ ಮೇಜಿಗೆ ಹೋಗುತ್ತದೆ. ಎಷ್ಟು ಜೀವ ಉಳಿಯುತ್ತದೆ, ಇಂಟು ಅವನು, ಖರ್ಚಿಗಿಂತ ಜಾಸ್ತಿಯೇ?

ನಾವು: ಅಂದರೆ ಮನುಷ್ಯತ್ವ ಅಲ್ಲಿಯೂ ಇಲ್ಲ.

ಅನುಸೂಚಿ: ಅಲ್ಲಿಯೂ ಲೆಕ್ಕವೇ. ಅವನ ತಮ್ಮ ಪರಿಸರ ಸಂಸ್ಥೆಯಲ್ಲಿದ್ದಾನೆ. ಹೊಗೆ ಕಡಿಮೆ ಮಾಡುವ ಯೋಜನೆಯ ಒಂದು ಲೆಕ್ಕದಲ್ಲಿ 70 ದಾಟಿದವರ ಜೀವಕ್ಕೆ ಶೇ 37 ಕಡಿತ ಹಾಕಿದ. 37 ಲಕ್ಷ ಡಾಲರ್ ಇದ್ದದ್ದು 23 ಲಕ್ಷ. ಮುದುಕ ಮುದುಕಿಯರು ಎದ್ದು ನಿಂತು ಗಲಾಟೆ ಮಾಡಿದರು. 2003ರಲ್ಲಿ ಸಂಸ್ಥೆಯ ಮುಖ್ಯಸ್ಥೆಯೇ ಮುಂದೆ ಬಂದು, ಇನ್ನು ಆ ಕಡಿತ ಇಲ್ಲ ಅನ್ನಬೇಕಾಯಿತು. ನನ್ನಲ್ಲಿ 60 ದಾಟಿದರೆ ಗುಣಕ 5. ಪಿಂಚಣಿದಾರರ ಸಂಘದವರು ಒಬ್ಬರೂ ಬಂದು ಕೇಳಲಿಲ್ಲ. ನನಗೂ ಆ ಸಾರಿಗೆ ಇಲಾಖೆಯವನಿಗೂ ಇರುವ ವ್ಯತ್ಯಾಸ ಇಷ್ಟೇ: ಅವನನ್ನು ರಸ್ತೆ ಮಾಡುವ ಮೊದಲು ಕರೆಯುತ್ತಾರೆ, ನನ್ನನ್ನು ಪೋಸ್ಟ್ ಮಾರ್ಟಂ ಆದ ಮೇಲೆ.

ನಾವು: ನಮ್ಮಲ್ಲಿ ಮೊದಲೇ ಯಾರೂ ಎಣಿಸುವುದಿಲ್ಲವೇ?

ಅನುಸೂಚಿ: ದೊಡ್ಡ ಹೆದ್ದಾರಿಗಳ ಲಾಭ ನಷ್ಟಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿ ಇದೆ, ಅದರಲ್ಲಿ ಅಪಘಾತದ ವೆಚ್ಚಕ್ಕೂ ಜಾಗ ಇದೆ. ನಾನು ಹೇಳುತ್ತಿರುವುದು ಶಾಲೆ ಎದುರಿನ ಹಂಪಿನ ಮಾತು. ಊರವರು ಅರ್ಜಿ ಕೊಡುತ್ತಾರೆ. ಎಸ್ಟಿಮೇಟಿನಲ್ಲಿ ಜಲ್ಲಿ, ಡಾಂಬರು, ಕೂಲಿ, ಬಿಳಿ ಬಣ್ಣ, ಜಿಎಸ್‌ಟಿ ಎಲ್ಲ ಬರುತ್ತದೆ. ಉಳಿಯುವ ಮಗುವಿಗೆ ಅದರಲ್ಲಿ ಸಾಲಿಲ್ಲ. ಹಾಗಾಗಿ ಹಂಪು ಬರೀ ಖರ್ಚು, ಅನುದಾನ ಲಭ್ಯವಿಲ್ಲ. ಆಮೇಲೆ ಒಂದು ದಿನ ಆ ರಸ್ತೆಯಲ್ಲಿ ಹೆಣ ಬೀಳುತ್ತದೆ, ಜನ ಟೈರ್ ಸುಡುತ್ತಾರೆ, ಸಾಹೇಬರು ಬರುತ್ತಾರೆ, ರಾತ್ರೋರಾತ್ರಿ ಹಂಪು ಏಳುತ್ತದೆ. ಆಗ ಎಸ್ಟಿಮೇಟನ್ನೂ ಕೇಳುವುದಿಲ್ಲ. ಜೀವಕ್ಕೆ ಬೆಲೆ ಕಟ್ಟುವುದು ಪಾಪ ಅಂತ ಭಾಷಣ ಮಾಡುವವರು ನನ್ನ ಹತ್ತಿರ ಬರಲಿ. ಕಟ್ಟದೆ ಬಿಟ್ಟರೆ ಫೈಲಿನಲ್ಲಿ ಅದು ಸೊನ್ನೆ ಅಂತಲೇ ಓದಿಕೊಳ್ಳುತ್ತದೆ.

ನಾವು: ಈಗಿನ ದರಗಳು ಹೇಗಿವೆ?

ಅನುಸೂಚಿ: ಯಾರು ಕೊಂದರು ಅನ್ನುವುದರ ಮೇಲೆ. ರೈಲು ಅಪಘಾತವಾದರೆ 2017ರಿಂದ 8 ಲಕ್ಷ. ನೆರೆಯಲ್ಲಿ ಕೊಚ್ಚಿಹೋದರೆ ವಿಪತ್ತು ನಿಧಿಯಿಂದ 4 ಲಕ್ಷ. ಕಾಡಾನೆ ತುಳಿದರೆ ಕರ್ನಾಟಕದಲ್ಲಿ ಏಳೂವರೆ ಲಕ್ಷ ಇದ್ದದ್ದನ್ನು ಕೆಲವು ವರ್ಷದ ಹಿಂದೆ 15 ಲಕ್ಷ ಮಾಡಿದರು. ಗುದ್ದಿ ಪರಾರಿಯಾದ ಗಾಡಿಯ ನಂಬರ್ ಸಿಗದಿದ್ದರೆ 2 ಲಕ್ಷ. 2022ರ ತನಕ ಅದು 25,000 ಇತ್ತು, ಅದರ ಮುಂದೆ ನಾನೇ ಶ್ರೀಮಂತ. ಆನೆಯೂ ಗುದ್ದಿ ಓಡಿಹೋಗುತ್ತದೆ. ಆದರೆ ಅದಕ್ಕೆ ನಂಬರ್ ಪ್ಲೇಟ್ ಕೇಳುವುದಿಲ್ಲ, ಪೂರ್ತಿ ಕೊಡುತ್ತಾರೆ.

ನಾವು: ಬಹಳ ಹೊತ್ತು ತೆಗೆದುಕೊಂಡೆವು. ಬರುತ್ತೇವೆ.

ಅನುಸೂಚಿ: ಹೇಗೆ ಹೋಗುತ್ತೀರಿ?

ನಾವು: ನಡೆದೇ. ಬಸ್ ಸ್ಟಾಪು ರಸ್ತೆಯ ಆಚೆ ಬದಿಗಿದೆ.

ಅನುಸೂಚಿ: ಸಂಬಳದ ಚೀಟಿ ಉಂಟೋ?

ನಾವು: ಇಲ್ಲ. ಲೇಖನಕ್ಕೆ ಇಷ್ಟು ಅಂತ ಸಂಭಾವನೆ. ಅದೂ ಒಂದೊಂದು ಸಲ.

ಅನುಸೂಚಿ: ಹಾಗಾದರೆ ಎರಡೂ ಕಡೆ ನೋಡಿಕೊಂಡು ದಾಟಿ. ನಿಮ್ಮದು ಬಹಳ ಕಮ್ಮಿ ಬರುತ್ತದೆ.