ಲಂಡನ್ ಕಾಕಾ ಅರಾಮ ಇದ್ದಾನ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಊರು ಬಿಟ್ಟು ಹೋಗುವುದು ಸುದ್ದಿಯೇ ಅಲ್ಲ. ತೊಗರಿ ರಾಶಿ ಮುಗಿಯಿತೆಂದರೆ ಪುಣೆ, ಮುಂಬೈ, ಬೆಂಗಳೂರಿನ ಬಸ್ಸು ರೈಲುಗಳಿಗೆ ಗಂಟುಗಳು ಏರುತ್ತವೆ. ಮನೆಗೆ ಬೀಗ, ಇಲ್ಲದಿದ್ದರೆ ಹೊಸ್ತಿಲಲ್ಲಿ ಒಬ್ಬ ಮುದುಕಿ. ಗುಳೆ ಹೋದವರನ್ನು ಊರು ಎಂದೂ ತಪ್ಪು ಹಿಡಿದಿಲ್ಲ. ಹೋದವರು ತ್ರಾಸು ಪಡುತ್ತಾರೆ, ಜಾತ್ರೆಗೆ ಬರುತ್ತಾರೆ, ‘ಅಲ್ಲಿ ಕುಡಿಯೋ ನೀರಿಗೂ ರೊಕ್ಕ’ ಎಂದು ಹೇಳಿ ಊರಲ್ಲಿ ಉಳಿದವರ ಹೊಟ್ಟೆ ತಂಪು ಮಾಡುತ್ತಾರೆ. ವ್ಯವಹಾರ ಬರೋಬ್ಬರಿ.

ಈ ವ್ಯವಹಾರ ಕೆಡಿಸಿದವನು ಲಂಡನ್ ಕಾಕಾ. ಖಜೂರಿಯಿಂದ ನೆಲೋಗಿಯವರೆಗೆ ಯಾವ ಅಗಸಿಯಲ್ಲಿ ಕೇಳಿದರೂ ಈಗ ಇಂಥವನೊಬ್ಬ ಸಿಗುತ್ತಾನೆ. ಒಂದೂರಿಗೆ ಅವನು ದುಬೈ ಮಾಮಾ, ಇನ್ನೊಂದೂರಿಗೆ ಅಮೆರಿಕಾ ಅಣ್ಣ. ನಮ್ಮ ಪಾಲಿಗೆ ಬಂದದ್ದು ಲಂಡನ್. ಅವನು ಹೋದದ್ದನ್ನು ಜನ ಕ್ಷಮಿಸಿದ್ದಾರೆ, ವಾಪಸು ಬಾರದ್ದನ್ನೂ ಕ್ಷಮಿಸಿದ್ದಾರೆ. ಅಲ್ಲಿ ಸುಖವಾಗಿದ್ದಾನಲ್ಲ, ಅದೊಂದನ್ನು ಮಾತ್ರ ಯಾರಿಗೂ ಅರಗಿಸಿಕೊಳ್ಳಲು ಆಗಿಲ್ಲ.

ಕಾಕಾನ ಊರು ಆಳಂದ ತಾಲೂಕು. ಅವನ ಅವ್ವನ ತವರು ಅಫಜಲಪುರದ ಕಡೆ, ಭೀಮಾ ದಂಡೆ. ಕಾಕಿಯ ತವರು ಜೇವರ್ಗಿ. ತಲೆತಲಾಂತರದಿಂದ ಹೆಣ್ಣು ಕೊಟ್ಟದ್ದು, ತಂದದ್ದು ಎಲ್ಲವೂ ಒಂದು ಹಗಲಿನ ಬಸ್ಸಿನ ಹಾದಿಯೊಳಗೇ. ಅಂಥ ಮನೆತನದ ಹುಡುಗ ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ನಾಲ್ಕಾರು ವರ್ಷ ‘ನೀವು ಯಾಕೆ ಹೀಗೆ ಮಾತಾಡ್ತೀರಾ?’ ಎಂದು ಕೇಳಿಸಿಕೊಂಡು, ಕಂಪನಿ ಕಳಿಸಿತೆಂದು ಲಂಡನ್ನಿಗೆ ಹಾರಿದ. ‘ಎರಡ ವರ್ಷ, ನಾಕ ರೊಕ್ಕ ಮಾಡ್ಕೊಂಡು ಬರ್ತೀನಿ’ ಅಂದಿದ್ದ. ಆ ಎರಡು ವರ್ಷ ಇನ್ನೂ ಮುಗಿದಿಲ್ಲ.

ಐದು ವರ್ಷ ಕಳೆದ ಮೇಲೆ ಅಲ್ಲಿ ಕಾಯಂ ಉಳಿಯಲು ಒಂದು ಪರೀಕ್ಷೆ ಬರೆಯಬೇಕಾಯಿತು. 24 ಪ್ರಶ್ನೆ, 45 ನಿಮಿಷ, 18 ಸರಿಯಾದರೆ ಪಾಸು. ಎಂಟನೇ ಹೆನ್ರಿಯ ಆರು ಹೆಂಡಂದಿರ ಹೆಸರು ಹೇಳಲು ಅಲ್ಲೇ ಹುಟ್ಟಿದ ಇಂಗ್ಲಿಷರೂ ತಡವರಿಸುತ್ತಾರಂತೆ; ಕಾಕಾ ಯಾವ ಹೆಂಡತಿಯ ತಲೆ ಹೋಯಿತು, ಯಾವಳದು ಉಳಿಯಿತು ಎಂಬುದರ ಸಮೇತ ಒಪ್ಪಿಸುತ್ತಾನೆ. ಗೈಡು ಉರುಹೊಡೆದು ಪಾಸಾಗುವ ವಿದ್ಯೆಯಲ್ಲಿ ನಮ್ಮ ಸೀಮೆಯವರ ಮುಂದೆ ಯಾರೂ ನಿಲ್ಲಲಾರರು. ಮುಂದೆ ಪೌರತ್ವವೂ ಬಂತು. ಪ್ರಮಾಣವಚನದ ದಿನ ಎಲಿಜಬೆತ್ ರಾಣಿಗೆ ನಿಷ್ಠನಾಗಿರುತ್ತೇನೆ ಎಂದು ಸೂಟು ಹಾಕಿಕೊಂಡು ಹೇಳಿ, ಫೋಟೋ ಕಳಿಸಿದ. ಮನೆಯಲ್ಲಿ ಮುತ್ಯಾ ಇನ್ನೂ ಇದ್ದರು. ಅವರು ಹುಟ್ಟಿದ್ದು ನಿಜಾಮನ ಪ್ರಜೆಯಾಗಿ. 1948ರ ಸೆಪ್ಟೆಂಬರ್ 17ರಂದು ಆ ರಾಜ್ಯ ಮುಗಿದದ್ದನ್ನು ಕಣ್ಣಾರೆ ಕಂಡವರು. ಫೋಟೋ ನೋಡಿ ಫೋನಿನಲ್ಲಿ ಅಂದರು: ‘ಒಬ್ಬ ರಾಜನ್ನ ಕಳಕೊಳ್ಳಲಾಕ ನಾವು ಎಷ್ಟ ಒದ್ದಾಡೀವಿ. ನೀ ಫೀ ಕಟ್ಟಿ ಇನ್ನೊಬ್ಬಾಕಿನ್ನ ಹುಡುಕೊಂಡ್ಯಲ್ಲೋ!’

ಎರಡು ದೇಶದ ಪೌರತ್ವ ನಮ್ಮಲ್ಲಿ ಇಲ್ಲ. ಆದ್ದರಿಂದ ಭಾರತದ ಪಾಸ್‌ಪೋರ್ಟು ಒಪ್ಪಿಸಿ ಕಾಕಾ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡು ಮಾಡಿಸಿದ. ಆ ಕಾರ್ಡಿನವರು ಇಲ್ಲಿ ಹೊಲ ಖರೀದಿ ಮಾಡುವಂತಿಲ್ಲ ಎಂಬ ಸುದ್ದಿ ಊರಿಗೆ ಬಂದ ರಾತ್ರಿ ಅವನ ತಮ್ಮನಿಗೆ ಬಹಳ ದಿನದ ಮೇಲೆ ಗಾಢ ನಿದ್ದೆ ಹತ್ತಿತು. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು ಎಂಬ ಉಳಿದರ್ಧವನ್ನು ಆಳಂದದ ವಕೀಲರು ಮರುದಿನ ಓದಿ ಹೇಳಿದರು.

ಆದರೆ ಇದೆಲ್ಲ ಸಣ್ಣ ಮಾತು. ದೊಡ್ಡ ಅನಾಹುತ ಆದದ್ದು ಮೊದಲ ವರ್ಷದ ಒಂದು ಫೋನಿನಲ್ಲಿ. ಅವ್ವ ‘ಹ್ಯಾಂಗಿದ್ದಿ ತಮ್ಮಾ?’ ಅಂದಳು. ಕಾಕಾ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ: ‘ಅರಾಮ ಇದ್ದೀನವ್ವಾ.’

‘ಊರ ನೆನಪ ಬರಲ್ಲೇನು?’

‘ಅಷ್ಟೇನ್ ಇಲ್ಲ ಬಿಡು.’

ಅಂದು ಸಂಜೆಯೊಳಗೆ ಈ ಮಾತು ಅಗಸಿ ದಾಟಿತು. ಯಾವಳೋ ಬಿಳಿ ಹೆಂಗಸು ಗಂಟುಬಿದ್ದಿದ್ದಾಳೆ ಎಂದರು ಕೆಲವರು. ಏನೋ ತಿನ್ನಿಸಿದ್ದಾರೆ ಎಂದರು ಕೆಲವರು. ಅವ್ವ ಘತ್ತರಗಿ ಭಾಗ್ಯವಂತಿಗೆ ಹರಕೆ ಹೊತ್ತಳು. ಅಷ್ಟು ದೂರ ಹೋಗಿ, ಮೈತುಂಬ ಸ್ವೆಟರ್ ಹಾಕಿಕೊಂಡು, ಯಾರೂ ಗುರುತಿಲ್ಲದ ಊರಲ್ಲಿ ಒಬ್ಬ ಅರಾಮ ಇದ್ದಾನೆ ಅಂದರೆ ಅದು ಅವನ ಮಾತಲ್ಲ, ಅವನ ಮೈಮೇಲೆ ಬಂದದ್ದರ ಮಾತು ಎಂಬುದು ಹಿರಿಯರ ತೀರ್ಮಾನ. ಮೊದಲ ರಜೆಗೆ ಬಂದವನನ್ನು ಮನೆಯಲ್ಲಿ ಚೀಲ ಇಳಿಸಲೂ ಬಿಡದೆ ಗಾಣಗಾಪುರಕ್ಕೆ ಕರೆದೊಯ್ದರು. ಗಾಳಿ ಹಿಡಿದವರನ್ನು ಮೂರು ರಾಜ್ಯಗಳಿಂದ ಕರೆತರುವ ಕ್ಷೇತ್ರ ಅದು. ಭೀಮಾ-ಅಮರ್ಜಾ ಸಂಗಮದಲ್ಲಿ ಮುಳುಗಿಸಿ ಎಬ್ಬಿಸಿದರು, ಸಣ್ಣ ಕಿಂಡಿಯಲ್ಲಿ ಪಾದುಕೆಯ ದರ್ಶನ ಮಾಡಿಸಿದರು. ದರ್ಶನಕ್ಕೆ ತಾಸುಗಟ್ಟಲೆ ಹಿಡಿಯಿತು. ಏಕೆಂದರೆ ಕಾಕಾ ಸಾಲಿನಲ್ಲಿ ನಿಂತು, ನಡುವೆ ನುಗ್ಗಿದವರಿಗೆಲ್ಲ ‘ಸಾರಿ’ ಎನ್ನುತ್ತಿದ್ದ. ಇನ್ನೂ ಇಳಿದಿಲ್ಲ ಎಂದು ಎಲ್ಲರೂ ತಲೆ ಅಲ್ಲಾಡಿಸಿದರು.

ಅಲ್ಲಿಂದ ಕಾಕಾ ಬುದ್ಧಿ ಕಲಿತ. ಈಗ ‘ಹ್ಯಾಂಗಿದ್ದಿ’ ಅಂದರೆ ಮೊದಲು ಒಂದು ಉಸಿರು ಬಿಡುತ್ತಾನೆ. ಉಸಿರಿಗೂ ಅಳತೆ ಇದೆ: ಉದ್ದವಾದರೆ ಅವ್ವ ಅಳುತ್ತಾಳೆ, ಗಿಡ್ಡವಾದರೆ ಗಾಣಗಾಪುರ. ಆಮೇಲೆ, ‘ಏನ್ ಇದ್ರೇನವ್ವಾ, ನಮ್ಮೂರ ನಮ್ಮೂರೇ’. ಹಬ್ಬದ ದಿನವಾದರೆ ಇದಕ್ಕೆ ‘ಇಲ್ಲಿ ಏನೂ ರುಚೀನೇ ಇಲ್ಲ’ ಎಂಬುದನ್ನೂ ಸೇರಿಸುತ್ತಾನೆ. ಎದುರಿಗೆ ಕಾಕಿ ಬಡಿಸಿದ ಎರಡನೆಯ ಶೇಂಗಾ ಹೋಳಿಗಿ ಇರುತ್ತದೆ. ಫೋನಿಟ್ಟ ಮೇಲೆ ಊರಿಗೆ ಊರೇ ತೃಪ್ತಿಯಿಂದ ಮಲಗುತ್ತದೆ. ‘ಪಾಪ, ಎಷ್ಟ ಗಳಿಸಿದ್ರೇನು, ಜೀವಕ್ಕ ಸುಖ ಇಲ್ಲ’ ಎಂದು ಕಣ್ಣೊರೆಸಿಕೊಂಡವರೇ ಮರುದಿನ ಬೆಳಗ್ಗೆ ಮಗನ ಮಾರ್ಕ್ಸ್ ಕಾರ್ಡು ವಾಟ್ಸಾಪಿಗೆ ಹಾಕಿ, ‘ನಮ್ಮ ಹುಡುಗಗ ಅಲ್ಲಿ ಏನರ ಆಗ್ತದೇನು ನೋಡು’ ಎಂದು ಬರೆಯುತ್ತಾರೆ.

ಲಂಡನ್ನಿನ ಕನ್ನಡ ಕೂಟದಲ್ಲೂ ಕಾಕಾನಿಗೆ ಇದೇ ಫಜೀತಿ. ರಾಜ್ಯೋತ್ಸವಕ್ಕೆ ಶಾಲೆಯೊಂದರ ಹಾಲು ಬಾಡಿಗೆ ಹಿಡಿದಿರುತ್ತಾರೆ. ವೇದಿಕೆಯ ಮೇಲೆ ಒಬ್ಬೊಬ್ಬರೂ ಊರನ್ನು ನೆನೆಯುತ್ತಾರೆ: ಮಲೆನಾಡಿನ ಮಳೆ, ಅಡಿಕೆ ತೋಟ, ಮೈಸೂರಿನ ದಸರಾ, ಕರಾವಳಿಯ ಕಡಲು. ಕಾಕಾನ ಸರದಿ ಬಂದಾಗ ನೆನೆಯಲು ಅಂಥ ಸಾಮಾನೇ ಇಲ್ಲ. ಏಪ್ರಿಲ್ಲಿನ ಬಿಸಿಲು, ಧೂಳು, ಕರೆಂಟು ಬಂದಾಗ ರಾತ್ರಿ ಎರಡಕ್ಕೆ ಎದ್ದು ಬೋರಿನ ಮೋಟರ್ ಹಚ್ಚಿದ್ದು. ಇವನ್ನು ನೆನೆದು ಭಾವುಕನಾಗುವುದು ಹೇಗೆ? ಒಮ್ಮೆ ಧೈರ್ಯ ಮಾಡಿ ಕಲಬುರಗಿಯ ಸುಸಲಾ-ಮಿರ್ಚಿಯನ್ನು ನೆನೆದು ನಾಲ್ಕು ಮಾತಾಡಿದ. ಸಭೆ ಅದನ್ನು ಹಾಸ್ಯ ಕಾರ್ಯಕ್ರಮ ಎಂದು ತಿಳಿದು ಚಪ್ಪಾಳೆ ತಟ್ಟಿತು.

ಕೂಟದವರೆಲ್ಲ ಒಕ್ಕೊರಲಿನಿಂದ ಬೈಯುವುದು ಅಲ್ಲಿನ ಮಳೆಯನ್ನು. ಕಾಕಾ ಬಾಯಿ ಬಿಡುವುದಿಲ್ಲ. ಮಳೆ ಬರುತ್ತದೆಂದರೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಳ್ಳುವವನು ಅವನು. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ನಮ್ಮ ಕಲಬುರಗಿ ಜಿಲ್ಲೆಯ ಸರಾಸರಿ ಅದಕ್ಕಿಂತ ಹೆಚ್ಚೇ. ಆದರೆ ನಮ್ಮದು ಜೂನಿನಲ್ಲಿ ಕೈಕೊಟ್ಟು, ತೊಗರಿ ಹೂವಿಗೆ ಬಂದಾಗ ಸಾಲಗಾರನ ಹಾಗೆ ಮುಖ ಮರೆಸಿ, ಬೇಡವಾದಾಗ ಒಂದೇ ಸಲ ಸುರಿಯುವ ಮಳೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಅಲ್ಲಿಯದು ತಿಂಗಳಿಗಿಷ್ಟು ಎಂದು ತಪ್ಪದೆ ಬರುತ್ತದೆ. ಮುಗಿಲು ನೋಡುತ್ತ ಬೆಳೆದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಐಶ್ವರ್ಯ ಯಾವುದು? ಇದನ್ನು ಕೂಟದಲ್ಲಿ ಹೇಳುವಂತಿಲ್ಲ, ಊರಿಗಂತೂ ಹೇಳುವಂತೆಯೇ ಇಲ್ಲ.

ಬಿಸಿಲಿನ ವಿಷಯದಲ್ಲಿ ಮಾತ್ರ ಅವನ ಮರ್ಯಾದೆ ಒಮ್ಮೆ ಹೋಯಿತು. 2022ರ ಜುಲೈ 19ರಂದು ಇಂಗ್ಲೆಂಡಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಆ ದೇಶದ ಇತಿಹಾಸದಲ್ಲೇ ಅಷ್ಟು ಕಾದದ್ದಿಲ್ಲ. ಹಿಂದಿನ ದಿನವೇ ಆಫೀಸಿನವರು ಕಾಕಾನನ್ನು ತಜ್ಞನೆಂದು ಕೂಡ್ರಿಸಿಕೊಂಡರು. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳಿ, ಮಜ್ಜಿಗಿ ಕುಡಿಯಿರಿ ಎಂದೆಲ್ಲ ಉಪದೇಶ ಮಾಡಿ, ‘ನಲವತ್ತು ನಮ್ಮಲ್ಲಿ ಲೆಕ್ಕಕ್ಕಿಲ್ಲ’ ಎಂದು ಎದೆಯುಬ್ಬಿಸಿ ಮನೆಗೆ ಬಂದ. ಆ ಮನೆಗಳನ್ನು ಕಟ್ಟಿರುವುದೇ ಕಾವು ಹೊರಗೆ ಹೋಗದ ಹಾಗೆ. ಫ್ಯಾನು ಇಲ್ಲ, ಕೊಳ್ಳೋಣವೆಂದರೆ ಅಂಗಡಿಯಲ್ಲಿ ಖಾಲಿ. ರಾತ್ರಿ ಬಾತ್‌ಟಬ್ಬಿನಲ್ಲಿ ತಣ್ಣೀರು ತುಂಬಿ ಕೂತು ಊರಿಗೆ ಫೋನು ಮಾಡಿದ. ಅಂದು ಅವನು ಬಿಟ್ಟ ನಿಟ್ಟುಸಿರು ಖರೇದು. ಅದನ್ನು ಮಾತ್ರ ಯಾರೂ ನಂಬಲಿಲ್ಲ.

ಇನ್ನು ಹೊಲದ ಕಥೆ. ಊರಲ್ಲಿ ಕಾಕಾನ ಪಾಲಿಗೆ ಬಂದ ಎರೆಭೂಮಿ ಇದೆ, ಪಾಲಿಗೆ ಕೊಟ್ಟಿದ್ದಾನೆ. ಓದುವಾಗ ಹೊಲಕ್ಕೆ ಕಳಿಸಿದರೆ ಹೊಟ್ಟೆನೋವು ತೆಗೆಯುತ್ತಿದ್ದ ಹುಡುಗ ಅವನು. ಅಲ್ಲಿ ಲಂಡನ್ನಿನಲ್ಲಿ ಕೌನ್ಸಿಲ್‌ನವರು ಜನರಿಗೆ ಕಾಯಿಪಲ್ಯ ಬೆಳೆಯಲು ‘ಅಲಾಟ್‌ಮೆಂಟ್’ ಎಂದು ತುಂಡು ನೆಲ ಬಾಡಿಗೆಗೆ ಕೊಡುತ್ತಾರೆ; 1908ರ ಕಾಯ್ದೆಯೇ ಇದೆ. ರೂಢಿಯ ಅಳತೆ 250 ಚದರ ಮೀಟರು, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಅದಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಪಾಳಿ ಕಾದು, ಸಿಕ್ಕಾಗ ಅದರಲ್ಲೂ ಅರ್ಧ ಸಿಕ್ಕಿತು. ಆ ಅರ್ಧದ ಮೇಲೆ ಕಾಕಾ ಇಟ್ಟಿರುವ ಜೀವ ನೋಡಿ ಊರಿನಲ್ಲಿರುವ ತಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯದು. ಶನಿವಾರ ಬೆಳಗಾದರೆ ಬೂಟು ಹಾಕಿಕೊಂಡು ಹೊರಡುತ್ತಾನೆ. ಮೆಂತೆ, ಕೊತ್ತಂಬರಿ, ರಾಜಗಿರಿ ಬರುತ್ತವೆ. ಪುಂಡಿಪಲ್ಯ ಚಳಿಗೆ ಮುದುಡಿತು. ತೊಗರಿ ಬಿತ್ತಿದ, ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಪಟ್ಟ ಬಂದ ಹೆಮ್ಮೆಯಲ್ಲಿ ಬಿತ್ತಿದ್ದು. ಹೂ ಬಿಡುವ ಮೊದಲೇ ಇಬ್ಬನಿ ಹೆಪ್ಪುಗಟ್ಟಿ ಹೋಯಿತು. ಈಗ ಗುಜರಾತಿಯವರ ಅಂಗಡಿಯಲ್ಲಿ ಆಫ್ರಿಕಾದ ತೊಗರಿ ಬೇಳೆಯ ಪೊಟ್ಟಣ ತಿರುವಿ ತಿರುವಿ ನೋಡಿ, ಮುಖ ಕಿವಿಚಿ, ಐದು ಕಿಲೋ ತರುತ್ತಾನೆ. ಒಮ್ಮೆ ಕಳೆ ಬೆಳೆಯಿತೆಂದು ಕೌನ್ಸಿಲ್‌ನಿಂದ ನೋಟೀಸು ಬಂತು. ಸಾತ್ ಪೀಳಿಗಿಯ ಹೊಲದಲ್ಲಿ ಕರಿಕೆ ಬೆಳೆದರೂ ಯಾರೂ ಕೇಳದ ಮನೆತನಕ್ಕೆ ಬಂದ ಮೊದಲ ನೋಟೀಸದು; ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾನೆ.

ಎಳ್ಳ ಅಮಾಸಿಗೆ ಅಲ್ಲೇ ಚರಗ. ಕಾಕಿ ಭಜ್ಜಿ, ಸಜ್ಜಿ ಕಡಬು, ಅಂಬಲಿ ಕಟ್ಟುತ್ತಾಳೆ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಕತ್ತಲಾಗುತ್ತದೆ. ಹಾಗಾಗಿ ಆಫೀಸಿಗೆ ಅರ್ಧ ದಿನ ರಜೆ. ಕೈಗವಸು ಹಾಕಿಕೊಂಡು ಕಾಕಾ ಚರಗ ಚೆಲ್ಲುವುದನ್ನು ಪಕ್ಕದ ತುಂಡಿನ ಮುದುಕ ಬೇಲಿಗೆ ಒರಗಿ ನೋಡಿದ. ಭೂಮಿತಾಯಿಯ ಬಸಿರಿನ ಬಯಕೆ ಎಂದು ಇಂಗ್ಲಿಷಿನಲ್ಲಿ ತಿಳಿಸಲು ಕಾಕಾ ತಿಣುಕುತ್ತಿದ್ದಾಗ ಮುದುಕನೇ ಅಂದ: ಅವನು ಸಾಮರ್‌ಸೆಟ್ ಕಡೆಯವನು, ಅವರಲ್ಲಿ ಜನವರಿಯಲ್ಲಿ ಸೇಬಿನ ಗಿಡದ ಬುಡಕ್ಕೆ ಸೈಡರ್ ಸುರಿದು, ಟೊಂಗೆಗೆ ಸುಟ್ಟ ಬ್ರೆಡ್ಡು ಸಿಕ್ಕಿಸಿ, ಗದ್ದಲ ಮಾಡಿ ಹಾಡುತ್ತಾರಂತೆ. ಅಂದು ರಾತ್ರಿ ಊರಿಗೆ ವರದಿ ಹೋಯಿತು: ‘ಇವರೂ ಚರಗ ಚೆಲ್ತಾರೋ. ಅಂಬಲಿ ಬದಲಿ ಸೆರೆ, ಅಷ್ಟೇ.’ ಊರಿನ ಕೆಲವರು ಪದ್ಧತಿ ಬದಲಾಯಿಸಲು ಆಗಲೇ ತಯಾರಾಗಿದ್ದರು.

ಭಾರತದಿಂದ ಯಾರೇ ಬರಲಿ, ಕಾಕಾ ಮೊದಲು ತೋರಿಸುವುದು ಥೇಮ್ಸ್ ದಂಡೆಯ ಬಸವಣ್ಣನನ್ನು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಮೂರ್ತಿ ಅದು. ಹೊಳೆಯ ಆಚೆ ದಂಡೆಗೆ ಪಾರ್ಲಿಮೆಂಟು. ಅದಕ್ಕಾಗಿ ಓಡಾಡಿದ ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲರ ಬಗ್ಗೆ ಕಾಕಾನ ಮಾತು ‘ನಮ್ಮ ಕಲಬುರಗಿಯವರು’ ಎಂದು ಶುರುವಾಗುತ್ತದೆ. ವೆಸ್ಟ್‌ಮಿನ್‌ಸ್ಟರ್ ಸೇತುವೆ ಮುಟ್ಟುವಷ್ಟರಲ್ಲಿ ಅವರು ಕಾಕಾನ ದೂರದ ಬೀಗರಾಗಿರುತ್ತಾರೆ.

ಹೋದ ವರ್ಷ ಅವ್ವ ಲಂಡನ್ನಿಗೆ ಹೋದಳು, ಆರು ತಿಂಗಳ ವೀಸಾದ ಮೇಲೆ. ಊರು ಕಣ್ಣೀರಿಟ್ಟು ಕಳಿಸಿತು. ಹದಿನೈದು ದಿನದಲ್ಲಿ ವಾಪಸು ಬರುತ್ತಾಳೆಂದು ಅಗಸಿಯಲ್ಲಿ ಪಂದ್ಯ ಕಟ್ಟಿದವರಿದ್ದಾರೆ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಂಟಲಲ್ಲಿ ಬಿಕ್ಕು.

ಅವಳು ಹೋಗಿ ಇಳಿದ ವಾರವೇ ಹೊಗೆಯ ಅಲಾರಾಂ ಎರಡು ಸಲ ಕೂಗಿತು. ಮೂರನೆಯ ಸಲ ಅವ್ವ ಅದಕ್ಕೆ ಹಳೆಯ ಟವೆಲ್ಲು ಕಟ್ಟಿ ರೊಟ್ಟಿ ಬಡಿದಳು. ಕೆಳಗಿನ ಮನೆಯಾಕೆ ಏನು ಸದ್ದು ಎಂದು ಬಾಗಿಲು ತಟ್ಟಿದಾಗ ಬಿಸಿ ರೊಟ್ಟಿಗೆ ಬೆಣ್ಣಿ ಹಚ್ಚಿ ಕೈಗಿಟ್ಟಳು. ಆಮೇಲೆ ಆಕೆ ಸದ್ದು ಬಂದ ದಿನವೇ ಬರತೊಡಗಿದಳು. ಪಾರ್ಕಿನಲ್ಲಿ ನಾಲ್ಕು ಗುಜರಾತಿ ಮುದುಕಿಯರು ಗಂಟುಬಿದ್ದರು. ಅವರಿಗೆ ಕನ್ನಡ ಬಾರದು, ಇವಳಿಗೆ ಗುಜರಾತಿ ಬಾರದು. ಸೊಸೆಯರ ವಿಷಯವಾದ್ದರಿಂದ ಭಾಷೆ ಅಡ್ಡ ಬರಲಿಲ್ಲ. ಇಪ್ಪತ್ನಾಲ್ಕು ತಾಸು ನಳ, ಹೇಳಿದಾಗ ಬಿಸಿನೀರು, ಹೋಗದ ಕರೆಂಟು. ‘ಇಲ್ಲಿ ಯಾರೂ ಕೊಡ ತಗೊಂಡು ಜಗಳಾಡಂಗಿಲ್ಲಲ್ಲೋ’ ಎಂದು ಒಂದು ದಿನ ನಳದ ಮುಂದೆ ನಿಂತು ಅಂದಳಂತೆ.

ಭಾನುವಾರ ಊರಿನಿಂದ ವಿಡಿಯೋ ಕಾಲು ಬಂತು. ಇತ್ತ ಹತ್ತು ಜನ ಒಂದೇ ಪರದೆಯಲ್ಲಿ. ‘ಹ್ಯಾಂಗಿದ್ದಿ ಆಯೀ?’ ಎಂದೊಡನೆ ಅವ್ವ ಸೆರಗು ಕಣ್ಣಿಗೆ ತಂದು, ಕಾಕಾನಿಗೆ ಇಷ್ಟು ವರ್ಷಕ್ಕೂ ಒಲಿಯದಿದ್ದ ಅಳತೆಯ ಉಸಿರು ಬಿಟ್ಟಳು. ‘ಏನ್ ಹೇಳ್ಲಿ ಯಪ್ಪಾ, ಅನ್ನ ಗಂಟಲಾಗ ಇಳಿವಲ್ದು. ಜೀವ ಎಲ್ಲಾ ಊರ ಕಡಿನೇ ಅದ. ಮಗನ ಸಲುವಾಗಿ ಕುಂತೀನಿ.’ ಇತ್ತ ಹೆಂಗಸರೆಲ್ಲ ಲೊಚಗುಟ್ಟಿದರು. ‘ಧೈರ್ಯದಿಂದ ಇರಬೇ, ದಿನಾ ಓಡ್ತಾವ’ ಎಂದು ಸಮಾಧಾನ ಹೇಳಿದರು.

ಕಾಲು ಕಟ್ಟಾಯಿತು. ಅವ್ವ ಸೆರಗು ಸರಿಮಾಡಿಕೊಂಡು, ಹೀಟರು ಸ್ವಲ್ಪ ಹೆಚ್ಚು ಮಾಡಲು ಮೊಮ್ಮಗಳಿಗೆ ಸನ್ನೆ ಮಾಡಿ, ಬಾಯಿ ತೆರೆದು ನಿಂತಿದ್ದ ಕಾಕಾನನ್ನು ಕೇಳಿದಳು: ‘ಆ ವೀಸಾದಾಂವಗ ನಾಕ ಮಾತ ಹೇಳಿ ಇನ್ನೊಂದ ಆರ ತಿಂಗಳ ಮುಂದಕ್ಕ ಹಾಕ್ಸಾಕ ಬರಲ್ಲೇನೋ?’