ಮಾವನ ಎದುರು ಗೋಲಿ

ಕೊಡಗಿನ ಹುದಿಕೇರಿಯಿಂದ ಮೈಸೂರಿಗೆ ಓದಲು ಹೋದವನಿಗೆ ಹಾಸ್ಟೆಲಿನಲ್ಲಿ ಪುಕ್ಕಟೆ ಸಿಗುವ ಪಟ್ಟ ‘ಹಾಕಿ ಪ್ಲೇಯರ್’. ನನ್ನ ಹಾಕಿಯೆಲ್ಲ ಟಿ.ವಿ. ಮುಂದೆಯೇ ಅಂದರೆ ಯಾರೂ ನಂಬುವುದಿಲ್ಲ.

ರಜೆಗೆ ಬಂದರೆ ನಮ್ಮ ಒಕ್ಕದ, ಅಂದರೆ ಮನೆತನದ, ಹಾಕಿ ತಂಡಕ್ಕೆ ಒಬ್ಬ ಕಡಿಮೆ! ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯಿದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಸೇರಿದ್ದವು. ಇಲ್ಲಿ ಮನೆಹೆಸರೇ ಅರ್ಹತೆ. ಓಡಲಾರದವನೆಂದು ನನ್ನನ್ನು ಗೋಲಿನಲ್ಲಿ ನಿಲ್ಲಿಸಿದರು. ಪ್ಯಾಡು ಕಟ್ಟಿಕೊಂಡ ನಾನು ಸುತ್ತಿಟ್ಟ ಹಾಸಿಗೆಯಂತೆ ಕಾಣುತ್ತಿದ್ದೆನಂತೆ.

ಎದುರಾಳಿ ಫಾರ್ವರ್ಡ್ ಸ್ವಂತ ಸೋದರಮಾವ. ಚೆಂಡು ತಳ್ಳಿಕೊಂಡು ಬರುತ್ತಲೇ, “ಏನ್ ಮಗಾ, ಫೀಸು ಕಟ್ಟಿದ್ಯಾ?” ಎಂದರು. “ಕಟ್ಟಿದೆ ಮಾವ” ಅನ್ನುವಷ್ಟರಲ್ಲಿ ಚೆಂಡು ಬಲೆಯೊಳಗೆ. ತವರಿನ ಗೋಲಿಗೆ ಚಪ್ಪಾಳೆ ತಟ್ಟಿದ ಅಮ್ಮ, ನಾನು ತಿರುಗಿ ನೋಡಿದೊಡನೆ ಸೊಳ್ಳೆ ಹೊಡೆದ ಹಾಗೆ ನಟಿಸಿದರು. ಪಕ್ಕದಲ್ಲಿದ್ದ ಅಪ್ಪನಿಗೆ ಆ ಸೊಳ್ಳೆ ಕಾಣಲೇ ಇಲ್ಲ.

ರಾತ್ರಿ ಮಾವನ ಮನೆಯಲ್ಲೇ ಕಡಂಬುಟ್ಟು, ಪಂದಿಕರಿ. ಮಾವ ಗೋಲಿನ ಕಥೆ ಹೇಳಿದಷ್ಟೂ ದೂರ ಹೆಚ್ಚುತ್ತಿತ್ತು. ಕೈ ತೊಳೆಯುವ ಹೊತ್ತಿಗೆ ಚೆಂಡು ಅರ್ಧ ಮೈದಾನದಿಂದ ಬಂದಿತ್ತು. ‘ಡಿ’ಯ ಹೊರಗಿನಿಂದ ಹೊಡೆದರೆ ಹಾಕಿಯಲ್ಲಿ ಅದು ಗೋಲೇ ಅಲ್ಲ ಎನ್ನಲು ಬಾಯಿ ತೆರೆದೆ. ಅತ್ತೆ ಇನ್ನೊಂದು ಕಡಂಬುಟ್ಟು ತುರುಕಿದರು.